ಮತ್ತೆ ಕೇಳಿದ 'ನಾಗಮಂಡಲ'

ನಮ್ಮ ಕೊಡಗಿಗೆ ಸಮೀಪದ ಕಾಕನಕೋಟೆ ಕಾಡಿನ ಕಥೆಯುಳ್ಳ ಮಾಸ್ತಿಯವರ ನಾಟಕ 1977ರಲ್ಲಿ ಚಲನಚಿತ್ರವಾದಾಗ ಅದಕ್ಕೆ ಸಂಗೀತ ನೀಡಿದವರು ಸಿ. ಅಶ್ವತ್ಥ್. ಶರೀಫರ ಪದಗಳಿಂದಲೂ ಭಾವಗೀತೆಗಳಿಂದಲೂ ಮನೆಮಾತಾದ ಅವರು 1997ರಲ್ಲಿ, ತಮ್ಮ 57ನೆಯ ವಯಸ್ಸಿನಲ್ಲಿ, ನಾಗಾಭರಣರ 'ನಾಗಮಂಡಲ' ಚಿತ್ರಕ್ಕೆ ಹಾಡು ಕಟ್ಟಿದರು. ಮಡಿಕೇರಿಯ ನಮ್ಮ ಗೆಳೆಯರ ಬಳಗದಲ್ಲಿ ಆ ಧ್ವನಿಸುರುಳಿಗೆ ಅಂದು ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಭಾವಗೀತೆಯ ಸೊಗಸಿಲ್ಲ, ಬರಿಯ ಬಯಲಾಟದ ಅಬ್ಬರವೆಂದು ಹಲವರ ಆಕ್ಷೇಪ.

2009ರಲ್ಲಿ ಅಶ್ವತ್ಥ್ ತೀರಿಕೊಂಡ ಮೇಲೆ ಅದೇ ಗೆಳೆಯರು ಅದನ್ನು ಮತ್ತೆ ಕೇಳತೊಡಗಿದರು. ಈಗ ಅವರ ಮಾತೇ ಬೇರೆ. ಭಾವಗೀತೆಯಲ್ಲಿ ರಾಗವು ಕವಿತೆಯನ್ನು ಹಿಂಬಾಲಿಸುತ್ತದೆ. ಇಲ್ಲಿ ಹಾಡೇ ಕಥೆಯನ್ನು ಹೊತ್ತು ನಡೆಯುತ್ತದೆ. ಬೀಗ ಹಾಕಿದ ಮನೆಯೊಳಗಿನ ರಾಣಿಯ ಒಂಟಿತನಕ್ಕೆ ಉತ್ತರ ಕರ್ನಾಟಕದ ಜನಪದ ಮಟ್ಟುಗಳೇ ತಕ್ಕವು. ಅವರ ಕೃತಿಗಳಲ್ಲಿ ನಾನು ಇದನ್ನೇ ಮೇಲಿಡುತ್ತೇನೆ, ಶರೀಫರ ಪದಗಳ ಅಭಿಮಾನಿಗಳು ಮುನಿದರೂ ಸರಿಯೇ.