ತೂಕ ಇಳಿಸೋ ಮಾತ್ರೆಗಳ ಹಳೇ ಲೆಕ್ಕ

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಈಗ ಎಲ್ಲಿ ನೋಡಿದರೂ ಚರ್ಚೆ. ರೇಟ್ ಎಷ್ಟು? ಎಷ್ಟು ಕೆಜಿ ಇಳಿಯುತ್ತೆ? ಎಲ್ಲರೂ ಕೇಳೋದು ಇಷ್ಟೇ. ಇದಕ್ಕಿಂತ ಮುಂಚೆ ಬಂದ ಮಾತ್ರೆಗಳೆಲ್ಲ ಎಲ್ಲಿ ಹೋದವು? ಇದನ್ನ ಯಾರೂ ಕೇಳ್ತಿಲ್ಲ. ಕೇಳಲೇಬೇಕು.

ಮೊದಲು ಅಮೆರಿಕದ ಕಥೆ ನೋಡಿ. ಹಸಿವು ಕಡಿಮೆ ಮಾಡುವ ಫೆಂಟರ್ಮಿನ್‌ಗೆ ಅಲ್ಲಿ 1959ರಲ್ಲಿ ಒಪ್ಪಿಗೆ ಸಿಕ್ಕಿತು. ಫೆನ್‌ಫ್ಲೂರಮಿನ್‌ಗೆ 1973ರಲ್ಲಿ. 1992ರಲ್ಲಿ ಮೈಕೆಲ್ ವೈನ್‌ಟ್ರಾಬ್ ಎಂಬ ಸಂಶೋಧಕರು ಎರಡನ್ನೂ ಸೇರಿಸಿ 121 ಜನರಿಗೆ ಕೊಟ್ಟು ನೋಡಿದ ವರದಿ ಪ್ರಕಟವಾಯಿತು. ತೂಕ ಇಳಿದಿತ್ತು. ಅಷ್ಟೇ ಸಾಕಾಯ್ತು. 'ಫೆನ್-ಫೆನ್' ಮನೆಮಾತಾಯ್ತು. 1996 ಒಂದೇ ವರ್ಷದಲ್ಲಿ ಅಲ್ಲಿನ ವೈದ್ಯರು ಈ ಔಷಧಗಳಿಗೆ ಬರೆದ ಚೀಟಿಗಳು 1.8 ಕೋಟಿಗೂ ಹೆಚ್ಚು!

ನಾನು ಎಂಜಿನಿಯರಿಂಗ್ ಓದಿದವಳು. ಎರಡು ಬಿಡಿಭಾಗಗಳು ಬೇರೆ ಬೇರೆಯಾಗಿ ಪಾಸಾದವು ಅಂತ ಜೋಡಿಸಿದ ಯಂತ್ರವೂ ಪಾಸು ಅಂದರೆ ಯಾವ ಮೇಷ್ಟ್ರೂ ಒಪ್ಪಲ್ಲ. ಇಲ್ಲಿ ಆಗಿದ್ದು ಅದೇ. ಈ ಜೋಡಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟೇ ಇರಲಿಲ್ಲ. ಒಪ್ಪಿಗೆ ಇರುವ ಎರಡು ಔಷಧಗಳನ್ನು ಸೇರಿಸಿ ಬರೆಯೋದು ವೈದ್ಯರ ವಿವೇಚನೆ. ಕಾನೂನು ಅಡ್ಡ ಬರಲಿಲ್ಲ.

1997ರ ಜುಲೈನಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು 24 ಮಹಿಳೆಯರ ವಿವರ ಹೊರಗಿಟ್ಟರು. ಎಲ್ಲರೂ ಫೆನ್-ಫೆನ್ ತಗೊಂಡವರು. ಎಲ್ಲರಿಗೂ ಹೃದಯದ ಕವಾಟದ ತೊಂದರೆ. ಸೆಪ್ಟೆಂಬರ್ 15ಕ್ಕೆ ಫೆನ್‌ಫ್ಲೂರಮಿನ್ ಮಾರುಕಟ್ಟೆಯಿಂದ ವಾಪಸ್. ಮರುವರ್ಷ ಭಾರತವೂ ನಿಷೇಧಿಸಿತು. ಫೆಂಟರ್ಮಿನ್ ಮಾತ್ರ ಅಮೆರಿಕದಲ್ಲಿ ಇವತ್ತಿಗೂ ಚೀಟಿ ಮೇಲೆ ಸಿಗುತ್ತೆ.

ಪಾಠ ಕಲಿತರಾ? ಎರಡೇ ತಿಂಗಳಿಗೆ, ಅದೇ ನವೆಂಬರ್‌ನಲ್ಲಿ, ಸಿಬುಟ್ರಮಿನ್ ಎಂಬ ಹೊಸ ಮಾತ್ರೆಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಹೃದ್ರೋಗ, ಮಧುಮೇಹ ಇದ್ದ ಸುಮಾರು 10 ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿದ್ದು ಆಮೇಲೆ ಕಂಡಿತು. 2010ರ ಜನವರಿಯಲ್ಲಿ ಯುರೋಪ್, ಅಕ್ಟೋಬರ್‌ನಲ್ಲಿ ಅಮೆರಿಕ, 2011ರ ಫೆಬ್ರವರಿಯಲ್ಲಿ ಭಾರತ ಬಾಗಿಲು ಹಾಕಿದವು. ಅಷ್ಟರಲ್ಲಿ 13 ವರ್ಷ ಕಳೆದಿತ್ತು. ರಿಮೋನಬಂಟ್ ಕಥೆಯೂ ಹೀಗೇ: 2006ರಲ್ಲಿ ಯುರೋಪ್ ಒಪ್ಪಿತು, ಮಾನಸಿಕ ಖಿನ್ನತೆಯ ದೂರುಗಳು ಬಂದವು, 2008ರಲ್ಲಿ ನಿಲ್ಲಿಸಿತು. 2009ರಲ್ಲಿ ನಮ್ಮಲ್ಲೂ ನಿಷೇಧ. ಮಾರಾಟ ಮೊದಲು, ಪೂರ್ತಿ ಲೆಕ್ಕ ಆಮೇಲೆ. ಪ್ರತಿ ಸಲವೂ ಇದೇ ಕ್ರಮ.

ಹಾಗಂತ ಔಷಧವೇ ರಾಕ್ಷಸ ಅಂತ ನಾನು ಹೇಳ್ತಿಲ್ಲ. ಫೆನ್‌ಫ್ಲೂರಮಿನ್ 2020ರಲ್ಲಿ ಅಮೆರಿಕಕ್ಕೆ ಮತ್ತೆ ಬಂತು, ಮಕ್ಕಳಲ್ಲಿ ಶುರುವಾಗುವ ಡ್ರಾವೆಟ್ ಸಿಂಡ್ರೋಮ್ ಎಂಬ ಅಪರೂಪದ ಫಿಟ್ಸ್ ಕಾಯಿಲೆಗೆ. ಆದರೆ ಷರತ್ತು ನೋಡಿ: ಆಗಾಗ ಎಕೋ ಮಾಡಿಸಿ ಹೃದಯ ಪರೀಕ್ಷಿಸುತ್ತಲೇ ಇರಬೇಕು. ಈ ಎಚ್ಚರ 1996ರಲ್ಲಿ ಇದ್ದಿದ್ದರೆ?

ಇನ್ನೊಂದು ಮಾತು. ನಿಷೇಧವಾದ ಸಿಬುಟ್ರಮಿನ್ ಮಾಯವಾಗಿಲ್ಲ. ನೈಸರ್ಗಿಕ, ಹರ್ಬಲ್ ಅಂತ ಲೇಬಲ್ ಹಚ್ಚಿಕೊಂಡ ಸ್ಲಿಮ್ಮಿಂಗ್ ಮಾತ್ರೆಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎಫ್‌ಡಿಎ ಎಚ್ಚರಿಸುತ್ತಲೇ ಇದೆ. ನುಂಗೋರಿಗೆ ತಾವು ಏನು ನುಂಗ್ತಿದ್ದೀವಿ ಅಂತಲೇ ಗೊತ್ತಿರಲ್ಲ. ಬಿಪಿ ಇದ್ದವರ ಗತಿ ಏನು, ಯೋಚಿಸಿ.

ಎಷ್ಟು ಕೆಜಿ ಇಳಿಯುತ್ತೆ ಅಂತ ಕೇಳೋ ಮುಂಚೆ, ಎಷ್ಟು ಜನರ ಮೇಲೆ, ಎಷ್ಟು ವರ್ಷ ನೋಡಿದ್ದಾರೆ ಅಂತ ನಿಮ್ಮ ವೈದ್ಯರನ್ನ ಕೇಳಿ. ಚೀಟಿ ಇಲ್ಲದೆ ಕೈಗೆ ಬರೋ ತೂಕದ ಮಾತ್ರೆಯನ್ನ, ಯಾರೇ ಕೊಡಲಿ, ಮುಟ್ಟಬೇಡಿ.