ಡೈಪರ್ ತುಂಬುವ ತನಕ ಕಾಯಬೇಡಿ

ಮಳವಳ್ಳಿ ಹತ್ತಿರದ ನಮ್ಮೂರಲ್ಲಿ ಅಜ್ಜಿಗೆ ಲಕ್ವ ಹೊಡೆದಾಗ ಡೈಪರ್ ತರೋ ಕೆಲಸ ನನ್ನ ಪಾಲಿಗೆ ಬಂತು. ಮದ್ದೂರಿನಲ್ಲಿ ಕೊಂಡ ಪ್ಯಾಕೆಟ್ ಮೇಲೆ 10 ಗಂಟೆ ಬರುತ್ತೆ ಅಂತಿತ್ತು. ಎಂಜಿನಿಯರಿಂಗ್ ಓದಿದವನಲ್ವಾ, ದಿನಕ್ಕೆ ಎರಡು, ರಾತ್ರಿಗೊಂದು ಇದ್ದರೆ ಜಾಸ್ತಿನೇ ಅಂತ ಲೆಕ್ಕ ಹಾಕಿದೆ. ನಾಲ್ಕನೇ ದಿನ ಅಜ್ಜಿಯ ತೊಡೆಸಂದು ಕೆಂಪಾಗಿ ಚರ್ಮ ಸುಲಿದಿತ್ತು. "ಉರೀತೈತೆ ಕಣ್ ಮಗ, ಹೇಳಕ್ಕೆ ನಾಚ್ಕೆ ಆಯ್ತು" ಅಂದ್ಲು.

ಪ್ಯಾಕೆಟ್ಟಿನ ಗಂಟೆ ಡೈಪರ್ ಎಷ್ಟು ಹೀರುತ್ತೆ ಅನ್ನೋದರ ಲೆಕ್ಕ. ಒಳಗಿರುವ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ಮೂತ್ರ ಹೀರಿ ಜೆಲ್ ಆಗುತ್ತವೆ, ನಿಜ. ಆದರೆ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ಚರ್ಮವನ್ನು ಕಾಯುವ ಆಮ್ಲೀಯ ಗುಣ ಹೋಗುತ್ತದೆ. ಮಲವೂ ಸೇರಿದರೆ ಅದರಲ್ಲಿರುವ ಕಿಣ್ವಗಳು ಚರ್ಮವನ್ನೇ ತಿನ್ನುತ್ತವೆ.

ಹಾಗಾಗಿ ಹಗಲು 2-3 ಗಂಟೆಗೊಮ್ಮೆ ನೋಡಿ. ಬರೀ ಮೂತ್ರವಾದರೆ ಸಾಮಾನ್ಯವಾಗಿ 4ರಿಂದ 6 ಗಂಟೆಯೊಳಗೆ ಬದಲಿಸಿ. ಮಲ ಆಗಿದ್ದರೆ ತಕ್ಷಣ, ಹಾಕಿ ಐದೇ ನಿಮಿಷ ಆಗಿದ್ದರೂ. ಕೆಲವು ಡೈಪರುಗಳ ಹೊರಗಿನ ಗೆರೆ ಒದ್ದೆಯಾದಾಗ ಬಣ್ಣ ಬದಲಿಸುತ್ತದೆ. ಗೆರೆ ಇಲ್ಲದಿದ್ದರೆ ಮುಂಭಾಗ ಉಬ್ಬಿ ಜೋತುಬಿದ್ದಿದೆಯಾ, ಅಂಚು ಒದ್ದೆಯಾ ಅಂತ ಮುಟ್ಟಿ ನೋಡಿ. ಮಾತು ನಿಂತವರು ಬಟ್ಟೆ ಎಳೆದಾಡುತ್ತಾರೆ, ಸುಮ್ಮನೆ ರೇಗುತ್ತಾರೆ, ಅದೂ ಗುರುತೇ. ಕೇಳುವಾಗ ನೆಂಟರನ್ನೆಲ್ಲ ಆಚೆ ಕಳಿಸಿ, ಮೆಲ್ಲಗೆ ಕೇಳಿ. ರಾತ್ರಿ ಮಲಗುವ ಹೊತ್ತಿಗೆ ಹೊಸದು ಹಾಕಿ. ಮಗ್ಗುಲು ಬದಲಿಸುವಾಗಲೆಲ್ಲ ಒಮ್ಮೆ ನೋಡಿದರಾಯ್ತು.

ಪ್ರತಿ ಸಲ ಉಗುರುಬೆಚ್ಚಗಿನ ನೀರಲ್ಲಿ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಒತ್ತಿ ಒಣಗಿಸಿ. ಪೌಡರ್ ಬೇಡ, ಝಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಸಾಕು. ಸೊಂಟದ ಮೂಳೆಯ ಮೇಲಿನ ಕೆಂಪು ಬೆರಳಿಂದ ಒತ್ತಿದರೂ ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು. ಕಪ್ಪು ಚರ್ಮದಲ್ಲಿ ಕೆಂಪು ಕಾಣಲ್ಲ, ಬಿಸಿ ಅಥವಾ ಗಟ್ಟಿ ಅನ್ನಿಸುತ್ತಾ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಡೈಪರ್ ಉಳಿಸೋಕೆ ನೀರು ಕಡಿಮೆ ಕುಡಿಸೋದಂತೂ ಬೇಡವೇ ಬೇಡ.

ಉಳಿಸೋ ಆಸೆ ಯಾಕೆ ಬರುತ್ತೆ ಅಂತ ನನಗೂ ಗೊತ್ತು. ನಾನು ಕೊಂಡದ್ದು ಒಂದಕ್ಕೆ 40 ರೂಪಾಯಿ. ದಿನಕ್ಕೆ ನಾಲ್ಕು ಅಂದ್ರೆ ತಿಂಗಳಿಗೆ 4,800. ಸಂಧ್ಯಾ ಸುರಕ್ಷಾ ಪಿಂಚಣಿ 1,200. ಏಳೂವರೆ ದಿನಕ್ಕೆ ಖಾಲಿ. ಸ್ಯಾನಿಟರಿ ಪ್ಯಾಡ್ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲೇ ಹೋಯಿತು, ನಾವೆಲ್ಲ ಪೋಸ್ಟ್ ಹಾಕಿದ್ವಿ. ಡೈಪರ್ ಮೇಲೆ 2025ರ ಸೆಪ್ಟೆಂಬರ್‌ವರೆಗೆ ಶೇ. 12 ಇತ್ತು, ಈಗಲೂ ಶೇ. 5 ಇದೆ. ಅದರ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

ನಮ್ಮನೇಲಿ ಈಗ ಹಗಲು ರಬ್ಬರ್ ಶೀಟಿನ ಮೇಲೆ ಹಳೇ ಕಾಟನ್ ಸೀರೆ, ಒದ್ದೆಯಾದ ಕೂಡಲೇ ಬೇರೆ. ರಾತ್ರಿಗೆ ಮಾತ್ರ ಡೈಪರ್. ಬಳಸಿದ್ದನ್ನು ಪೇಪರಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಿ, ವಿ.ಸಿ. ನಾಲೆಗೆ ಎಸೀಬೇಡಿ.