‘ಎರಡನೇ ಭೂಮಿ’ಯ ಈ ಫೋಟೊ ನಿಜವೇ? ಅಲ್ಲಿನ ಕಡಲು, ಮೋಡ ಕಂಡವರು ಯಾರು?

ನೀಲಿ ಕಡಲು, ಬಿಳಿ ಮೋಡ, ಕಂದು ನೆಲ ಇರುವ ಒಂದು ಗ್ರಹ. ಪಕ್ಕದಲ್ಲಿ ನಮ್ಮ ಭೂಮಿ. ಕೆಳಗೆ ಒಂದು ಸಾಲು: “ನಾಸಾಗೆ ಎರಡನೇ ಭೂಮಿ ಸಿಕ್ಕಿದೆ, ಅಲ್ಲಿ ನೀರಿದೆ, ಹವಾಮಾನವೂ ನಮ್ಮಂತೆಯೇ ಇದೆ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಇದು ಯಾವ ಗ್ರಹ?

ಇಂಥ ಸಂದೇಶಗಳಲ್ಲಿ ಆಗಾಗ ಕಾಣಿಸುವ ಹೆಸರು ಕೆಪ್ಲರ್-452ಬಿ. 2015ರ ಜುಲೈನಲ್ಲಿ ನಾಸಾ ಇದನ್ನು ಪ್ರಕಟಿಸಿತು. ಅಗಲದಲ್ಲಿ ಭೂಮಿಯ ಸುಮಾರು 1.6 ಪಟ್ಟು. ನಮ್ಮ ಸೂರ್ಯನನ್ನೇ ಹೋಲುವ ನಕ್ಷತ್ರವೊಂದನ್ನು 385 ದಿನಗಳಲ್ಲಿ ಸುತ್ತುತ್ತದೆ. ಇಷ್ಟು ಹೋಲಿಕೆ ಇದ್ದುದರಿಂದಲೇ ಅದಕ್ಕೆ ‘ಭೂಮಿಯ ಸೋದರಸಂಬಂಧಿ’ ಎಂಬ ಅಡ್ಡಹೆಸರು ಬಂತು.

ಹಾಗಾದರೆ ಚಿತ್ರ?

ಅದು ಫೋಟೊ ಅಲ್ಲ, ಕಲಾವಿದರು ಕಲ್ಪಿಸಿ ಬಿಡಿಸಿದ ಚಿತ್ರ. ನಾಸಾ ಇಂಥ ಚಿತ್ರಗಳ ಜೊತೆ ಹಾಗೆಂದೇ ಬರೆದಿರುತ್ತದೆ. ಫಾರ್ವರ್ಡ್ ಆಗುತ್ತಾ ಆಗುತ್ತಾ ಆ ಸಾಲು ಕಳಚಿಹೋಗಿ, ಚಿತ್ರ ಮಾತ್ರ ಉಳಿಯುತ್ತದೆ.

ಕೆಪ್ಲರ್ ದೂರದರ್ಶಕ ಆ ಗ್ರಹವನ್ನು ನೇರವಾಗಿ ನೋಡಲೇ ಇಲ್ಲ. ಗ್ರಹ ತನ್ನ ನಕ್ಷತ್ರದ ಎದುರು ಹಾದುಹೋದಾಗ ನಕ್ಷತ್ರದ ಬೆಳಕು ಕೊಂಚ ಮಂಕಾಗುತ್ತದೆ. ಕೆಪ್ಲರ್-452ಬಿ ವಿಷಯದಲ್ಲಿ ಆ ಇಳಿಕೆ 10,000 ಪಾಲಿನಲ್ಲಿ ಸುಮಾರು 2 ಪಾಲು ಮಾತ್ರ. ಅದರಿಂದ ತಿಳಿಯುವುದು ಗ್ರಹದ ಗಾತ್ರ ಮತ್ತು ಅದು ಸುತ್ತಲು ಬೇಕಾದ ಸಮಯ. ಅದರ ತೂಕವನ್ನು ಕೂಡ ಯಾರೂ ಅಳೆದಿಲ್ಲ. ಸಂಕೇತ ಇಷ್ಟು ಸಣ್ಣದಾದ್ದರಿಂದ, ಅದು ಗ್ರಹದ್ದೇ ಎಂದು ಪೂರ್ತಿ ಖಚಿತವಾಗಿ ಹೇಳಲಾಗದು ಎಂದು 2018ರಲ್ಲಿ ಕೆಲವು ವಿಜ್ಞಾನಿಗಳು ಎಚ್ಚರಿಸಿದರು.

ಗಾತ್ರ ಗೊತ್ತಾದರೆ ಹವಾಮಾನ ಗೊತ್ತಾಗದೇ?

ಇಲ್ಲ. ಶುಕ್ರ ಗ್ರಹವನ್ನೇ ನೋಡಿ. ಅದರ ಅಗಲ ಭೂಮಿಯ ಶೇ. 95ರಷ್ಟು. ದೂರದಿಂದ ಗಾತ್ರ ಮಾತ್ರ ಅಳೆದವರು ಅದನ್ನೂ ‘ಭೂಮಿಯಂಥ ಗ್ರಹ’ ಎಂದೇ ಬರೆದುಕೊಳ್ಳುತ್ತಾರೆ. ಆದರೆ ಅಲ್ಲಿನ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸವೂ ಕರಗುವಷ್ಟು. ಕಾರಣ, ದಟ್ಟವಾದ ಇಂಗಾಲದ ಡೈಆಕ್ಸೈಡ್ ಹೊದಿಕೆ.

ನಮ್ಮ ಭೂಮಿಯೂ ಗಾಳಿಯ ಹೊದಿಕೆಯಿಂದಲೇ ಬೆಚ್ಚಗಿದೆ. ಶಾಖ ಹಿಡಿದಿಡುವ ಅನಿಲಗಳು ಇಲ್ಲದಿದ್ದರೆ ಇಲ್ಲಿನ ಸರಾಸರಿ ಉಷ್ಣತೆ ಮೈನಸ್ 18 ಡಿಗ್ರಿ ಆಸುಪಾಸಿನಲ್ಲಿ ಇರುತ್ತಿತ್ತು. ಅವು ಇರುವುದರಿಂದ ಸುಮಾರು 15 ಡಿಗ್ರಿ ಇದೆ.

ಇನ್ನು ಬೆಟ್ಟ ಎಲ್ಲಿದೆ, ಕಡಲು ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಸುಮಾರು 200 ಕಿ.ಮೀ. ದೂರದ, ಘಟ್ಟದ ಮಳೆನೆರಳಿನಲ್ಲಿರುವ ಚಳ್ಳಕೆರೆಗೆ ಅದರ ಹತ್ತನೇ ಒಂದು ಪಾಲೂ ಸಿಗುವುದಿಲ್ಲ. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸವಿರುವಾಗ, ಬೆಟ್ಟವಿದೆಯೋ ಇಲ್ಲವೋ ಎಂದೇ ತಿಳಿಯದ ಗ್ರಹದ ಹವಾಮಾನ ಹೇಳುವುದು ಹೇಗೆ?

ವಿಜ್ಞಾನಿಗಳೂ ಕಲ್ಪಿಸಿಕೊಳ್ಳುತ್ತಾರಲ್ಲ?

ಹೌದು, ಆದರೆ ಷರತ್ತು ಹಾಕಿಕೊಂಡು. ನಮ್ಮಿಂದ 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಬಿ ಗ್ರಹ 2016ರಲ್ಲಿ ಪತ್ತೆಯಾಯಿತು. ತನ್ನ ಕೆಂಪು ನಕ್ಷತ್ರವನ್ನು 11 ದಿನಕ್ಕೊಮ್ಮೆ ಸುತ್ತುತ್ತದೆ. ಇಷ್ಟು ಹತ್ತಿರವಿರುವುದರಿಂದ ಅದರ ಒಂದೇ ಮುಖ ಸದಾ ನಕ್ಷತ್ರದ ಕಡೆಗಿರುವ ಸಾಧ್ಯತೆಯಿದೆ: ಒಂದು ಬದಿ ಮುಗಿಯದ ಹಗಲು, ಇನ್ನೊಂದು ಬದಿ ಮುಗಿಯದ ರಾತ್ರಿ. ಅಲ್ಲಿ ಕಡಲಿದ್ದರೆ ಏನಾದೀತು, ಗಾಳಿ ತೆಳುವಾಗಿದ್ದರೆ ಏನಾದೀತು ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತಾರೆ. ಆ ‘ಇದ್ದರೆ’ ಎಂಬ ಪದ ಫಾರ್ವರ್ಡ್‌ನಲ್ಲಿ ‘ಇದೆ’ ಆಗಿಬಿಡುತ್ತದೆ.

ತಪ್ಪಾಗಿ ಹಂಚಿದರೆ ನಷ್ಟವೇನು?

“ಈ ಭೂಮಿ ಕೆಟ್ಟರೇನು, ಇನ್ನೊಂದಿದೆಯಲ್ಲ” ಎಂಬ ಸಮಾಧಾನ ಇಂಥ ಸಂದೇಶಗಳ ಜೊತೆಗೇ ಬರುತ್ತದೆ. ಕೆಪ್ಲರ್-452ಬಿ ಇರುವುದು 1,400 ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರದಲ್ಲಿ. ಸೆಕೆಂಡಿಗೆ 17 ಕಿ.ಮೀ. ಸಾಗುವ ವಾಯೇಜರ್-1 ನೌಕೆಯ ವೇಗದಲ್ಲಿ ಹೊರಟರೆ ತಲುಪಲು ಎರಡೂವರೆ ಕೋಟಿ ವರ್ಷ ಸಾಲದು.

ತೀರ್ಮಾನ: ಗ್ರಹ ಪತ್ತೆಯಾಯಿತು ಎಂಬ ಸುದ್ದಿ ಬಂದದ್ದು ನಿಜ. ಕಡಲು, ಮೋಡ, ಹವಾಮಾನ ಎಲ್ಲವೂ ಕಲ್ಪನೆ. ಮುಂದಿನ ಬಾರಿ ಇಂಥ ಚಿತ್ರ ಬಂದರೆ ಒಂದೇ ಪ್ರಶ್ನೆ ಕೇಳಿ: “ಇದು ತೆಗೆದ ಫೋಟೊನಾ, ಬಿಡಿಸಿದ ಚಿತ್ರಾನಾ?”